ಟಿಬಿ ಕಿಣ್ವಕ್ಕೆ ಡಾಕಿಂಗ್ ಮಾಡುವ ಮುಂಚೆ ಅದರ ಪಾಕೆಟ್ ಸರಿ ಮಾಡಿಕೊಳ್ಳಿ

ಬಯೋಟೆಕ್, ಫಾರ್ಮಸಿ ಓದುವವರಲ್ಲಿ ಪ್ರಾಜೆಕ್ಟ್‌ಗೆ ಡಾಕಿಂಗ್ ಆರಿಸಿಕೊಳ್ಳುವವರು ಜಾಸ್ತಿ. ಡಾಕಿಂಗ್ ಅಂದರೆ ಒಂದು ಚಿಕ್ಕ ಅಣು ಪ್ರೋಟೀನಿನ ಪಾಕೆಟ್‌ನಲ್ಲಿ, ಅಂದರೆ ಅದರ ಗುಳಿಯಲ್ಲಿ, ಹೇಗೆ ಕೂರುತ್ತದೆ, ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುವುದು. ಲ್ಯಾಬ್ ಬೇಡ, ಕೆಮಿಕಲ್ ಖರ್ಚಿಲ್ಲ, ಒಂದು ಲ್ಯಾಪ್‌ಟಾಪ್ ಇದ್ದರೆ ಆಯಿತು. ಮಾಡುವ ಕ್ರಮವೂ ಬಹಳ ಜನರದ್ದು ಒಂದೇ. ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್, ಅಂದರೆ ಪಿಡಿಬಿಯಿಂದ ಒಂದು ಫೈಲ್ ಇಳಿಸಿಕೊಳ್ಳುತ್ತಾರೆ, ಪ್ರೋಟೀನ್ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುತ್ತಾರೆ, ತುಳಸಿ, ಬೇವು, ಅರಿಶಿನದಲ್ಲಿರುವ ಅಣುಗಳನ್ನು ಒಂದೊಂದಾಗಿ ಕೂರಿಸುತ್ತಾರೆ, ಸ್ಕೋರ್ ಮೈನಸ್ ಒಂಬತ್ತು (ಮೈನಸ್ ಜಾಸ್ತಿಯಾದಷ್ಟೂ ಹಿಡಿತ ಗಟ್ಟಿ ಅಂತ ಲೆಕ್ಕ) ಕಂಡ ತಕ್ಷಣ ರಿಪೋರ್ಟ್ ಬರೆದು ಮುಗಿಸುತ್ತಾರೆ. ಪ್ರೋಗ್ರಾಮ್ ಯಾವತ್ತೂ ಇಲ್ಲ ಅನ್ನುವುದಿಲ್ಲ. ಏನು ಕೊಟ್ಟರೂ ಒಂದು ನಂಬರ್ ಬರುತ್ತದೆ. ತಪ್ಪು ಪಾಕೆಟ್ ಕೊಟ್ಟರೂ ಬರುತ್ತದೆ, ಅದೇ ತೊಂದರೆ.

ಇಲ್ಲಿ ಒಂದೇ ಕಿಣ್ವ ಹಿಡಿದುಕೊಂಡು ಶುರುವಿನಿಂದ ಕೊನೆತನಕ ಹೋಗೋಣ. ಅದರ ಹೆಸರು ಇನ್‌ಎಚ್‌ಎ. ಕ್ಷಯ ತರುವ ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್‌ನ ಕಿಣ್ವ, 269 ಅಮೈನೋ ಆಮ್ಲಗಳ ಸರಪಳಿ, ನಾಲ್ಕು ಸರಪಳಿ ಒಟ್ಟಾಗಿ ಕೆಲಸ ಮಾಡುತ್ತವೆ. ಆ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೈಕೋಲಿಕ್ ಆಮ್ಲ ಅನ್ನುವ ಉದ್ದನೆಯ ಮೇಣದಂಥ ಕೊಬ್ಬು ಇರುತ್ತದೆ. ಅದರ ಸರಪಳಿ ಉದ್ದ ಮಾಡುವ ಸಾಲಿನಲ್ಲಿ ಇನ್‌ಎಚ್‌ಎ ಒಂದು ಹಂತ. ನಮ್ಮ ದೇಹದಲ್ಲಿ ಕೊಬ್ಬಿನ ಆಮ್ಲ ಮಾಡುವ ಕೆಲಸವನ್ನು ಒಂದೇ ದೊಡ್ಡ ಕಿಣ್ವ ಮಾಡುತ್ತದೆ, ಬ್ಯಾಕ್ಟೀರಿಯಾದಲ್ಲಿ ಅದೇ ಕೆಲಸಕ್ಕೆ ಬೇರೆ ಬೇರೆ ಕಿಣ್ವಗಳಿವೆ. ಹಾಗಾಗಿ ನಮಗೆ ಪೆಟ್ಟಾಗದಂತೆ ಅದನ್ನು ಹೊಡೆಯಲು ಜಾಗ ಇದೆ. 1952ರಿಂದ ಬಳಕೆಯಲ್ಲಿರುವ ಟಿಬಿ ಔಷಧಿ ಐಸೋನಿಯಾಜಿಡ್ ಕೊನೆಗೆ ಹೋಗಿ ಹೊಡೆಯುವುದು ಇದನ್ನೇ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವುದರಿಂದ ನಮ್ಮವರು ಈ ಕಿಣ್ವದ ಬೆನ್ನು ಹತ್ತುವುದರಲ್ಲಿ ಆಶ್ಚರ್ಯವೇನಿಲ್ಲ.

ಕಲಿಯುವವರಿಗೆ ಇನ್ನೂ ಒಂದು ಅನುಕೂಲ ಇದೆ. ಇದರ ರಚನೆಗಳು ಪಿಡಿಬಿಯಲ್ಲಿ ಬೇಕಾದಷ್ಟಿವೆ, ನಿಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ಪರೀಕ್ಷಿಸಬಹುದು.

ಬೇಕಾಗುವ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ ಸಿಗುತ್ತದೆ. ನೋಡುವುದಕ್ಕೆ ಕೈಮೆರಾಎಕ್ಸ್ ಅಥವಾ ಪೈಮಾಲ್. ಅಣುಗಳನ್ನು ತಯಾರು ಮಾಡುವುದಕ್ಕೆ ಆರ್‌ಡಿಕಿಟ್ ಮತ್ತು ಮೀಕೊ. ಡಾಕಿಂಗ್‌ಗೆ ಆಟೋಡಾಕ್ ವೀನಾ. ಸಿಮ್ಯುಲೇಷನ್‌ಗೆ, ಅಂದರೆ ಅಣುಗಳ ಚಲನೆಯನ್ನು ಲೆಕ್ಕ ಹಾಕಿ ನೋಡುವುದಕ್ಕೆ, ಗ್ರೋಮ್ಯಾಕ್ಸ್. ವಿಂಡೋಸ್ ಇದ್ದವರು ಒಳಗೇ ಲಿನಕ್ಸ್ ಹಾಕಿಕೊಂಡರೆ ಅರ್ಧ ತಲೆನೋವು ಕಡಿಮೆ.

ಯಾವ ಫೈಲ್ ಇಳಿಸಿಕೊಳ್ಳಬೇಕು

ಅರ್ಧಕ್ಕರ್ಧ ಕೆಲಸ ಕೆಡುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಇನ್‌ಎಚ್‌ಎ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಎನ್‌ಎಡಿಎಚ್ ಅನ್ನುವ ಸಹಾಯಕ ಅಣು ಬೇಕು. ಹೈಡ್ರೋಜನ್ ಹೊತ್ತಿರುವಾಗ ಅದು ಎನ್‌ಎಡಿಎಚ್, ಅದನ್ನು ಕೊಟ್ಟ ಮೇಲೆ ಎನ್‌ಎಡಿ ಪ್ಲಸ್, ಎರಡಕ್ಕೂ ಸೇರಿಸಿ ಇಲ್ಲಿ ಎನ್‌ಎಡಿ ಅನ್ನುತ್ತೇನೆ. ಅದು ಮೊದಲು ಬಂದು ಕೂರುತ್ತದೆ, ಆಮೇಲೆ ಕೊಬ್ಬಿನ ಸರಪಳಿ ಬಂದು ಅದರ ಪಕ್ಕ ಕೂರುತ್ತದೆ. ಅಂದರೆ ಔಷಧಿ ಕೂರುವ ಪಾಕೆಟ್‌ನ ಒಂದು ಗೋಡೆ ಪ್ರೋಟೀನ್ ಅಲ್ಲವೇ ಅಲ್ಲ, ಅದು ಈ ಎನ್‌ಎಡಿ. ಈ ಕಿಣ್ವವನ್ನು ತಡೆಯುವ ಟ್ರೈಕ್ಲೋಸಾನ್ ಥರದ ಅಣುಗಳು ಕೂತಾಗ ಅದರ ಹೈಡ್ರಾಕ್ಸಿಲ್ ಗುಂಪು ಒಂದು ಕಡೆ ಟೈರೋಸಿನ್ 158ನ್ನು (158ನೇ ಸ್ಥಾನದ ಅಮೈನೋ ಆಮ್ಲ) ಹಿಡಿಯುತ್ತದೆ, ಇನ್ನೊಂದು ಕಡೆ ಎನ್‌ಎಡಿಯ ರೈಬೋಸ್ ಸಕ್ಕರೆಯನ್ನು ಹಿಡಿಯುತ್ತದೆ, ಉಂಗುರ ಹೋಗಿ ಅದೇ ಎನ್‌ಎಡಿಯ ನಿಕೋಟಿನಮೈಡ್ ಭಾಗದ ಮೇಲೆ ಒರಗುತ್ತದೆ. ಈಗ ‘ಪ್ರೋಟೀನ್ ಬಿಟ್ಟು ಎಲ್ಲ ಅಳಿಸಿ’ ಅನ್ನುವ ಟ್ಯುಟೋರಿಯಲ್ ನೆನಪಿಸಿಕೊಳ್ಳಿ. ಎನ್‌ಎಡಿ ಅಳಿಸಿದರೆ ಅಲ್ಲೊಂದು ದೊಡ್ಡ ಗುಹೆ ಉಳಿಯುತ್ತದೆ. ಸಿಕ್ಕ ಸಿಕ್ಕ ಅಣುವೆಲ್ಲ ಅದರೊಳಗೆ ಆರಾಮಾಗಿ ಹೋಗಿ ಮಲಗುತ್ತದೆ, ಸ್ಕೋರೂ ಚೆನ್ನಾಗಿ ಬರುತ್ತದೆ. ಆದರೆ ಜೀವಕೋಶದಲ್ಲಿ ಆ ಜಾಗದಲ್ಲಿ ಮೊದಲೇ ಎನ್‌ಎಡಿ ಕೂತಿರುತ್ತದೆ.

ಈಗ ಕೆಲವು ಫೈಲ್‌ಗಳು, ಹೆಸರುಗಳೆಲ್ಲ ಪಿಡಿಬಿಯ ಸಂಕೇತಗಳು. 1ಇಎನ್‌ವೈ ಅನ್ನುವುದರಲ್ಲಿ ಕಿಣ್ವ ಮತ್ತು ಎನ್‌ಎಡಿಎಚ್ ಮಾತ್ರ ಇವೆ. 1ಬಿವಿಆರ್‌ನಲ್ಲಿ ಎನ್‌ಎಡಿ ಜೊತೆ 16 ಕಾರ್ಬನ್‌ನ ಕೊಬ್ಬಿನ ಸರಪಳಿ ಇದೆ. ಪಾಕೆಟ್ ಎಷ್ಟು ಉದ್ದ, ಯಾವ ಕಡೆ ಬಾಯಿ ಅಂತ ಅರ್ಥವಾಗಬೇಕಾದರೆ ಇದನ್ನು ಒಮ್ಮೆ ತೆರೆದು ನೋಡಲೇಬೇಕು. 1ಝಡ್‌ಐಡಿಯಲ್ಲಿ ಐಸೋನಿಯಾಜಿಡ್‌ನಿಂದ ಹುಟ್ಟಿದ ಅಣು ಇದೆ. 1ಪಿ45ರಲ್ಲಿ ಟ್ರೈಕ್ಲೋಸಾನ್. 2ಎಕ್ಸ್23ರಲ್ಲಿ ಪಿಟಿ70 ಅನ್ನುವ, ಟ್ರೈಕ್ಲೋಸಾನ್ ಜಾತಿಯದ್ದೇ ಆದ ಇನ್ನೊಂದು ಅಣು.

ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ ನೋಡಿ. ಕಿಣ್ವದ ಬಹುಪಾಲು ಒಂದೇ ಥರ ಇರುತ್ತದೆ. 200ನೇ ಅಮೈನೋ ಆಮ್ಲದ ಆಸುಪಾಸಿನ ಒಂದು ಲೂಪ್ ಮಾತ್ರ ಮಾತು ಕೇಳುವುದಿಲ್ಲ. ಪಾಕೆಟ್‌ನ ಬಾಯಿಗೆ ಮುಚ್ಚಳದಂತೆ ಇರುವುದು ಇದೇ. ಟ್ರೈಕ್ಲೋಸಾನ್ ಕೂತಾಗ ಇದು ಅಲುಗಾಡುತ್ತಲೇ ಇರುತ್ತದೆ, ಕೆಲವು ರಚನೆಗಳಲ್ಲಿ ಕಾಣಿಸುವುದೇ ಇಲ್ಲ. ಪಿಟಿ70 ಕೂತಾಗ ಸರಿಯಾಗಿ ಮುಚ್ಚಿಕೊಂಡು ನಿಲ್ಲುತ್ತದೆ. 2010ರಲ್ಲಿ ಬಂದ ಕೆಲಸದ ಪ್ರಕಾರ ಪಿಟಿ70 ಈ ಕಿಣ್ವದ ಮೇಲೆ ಸರಾಸರಿ 24 ನಿಮಿಷ ಕೂತಿರುತ್ತದೆ. ಅದು ಹಿಡಿಯುವುದು ಕೂಡ ಕಿಣ್ವದಲ್ಲಿ ಎನ್‌ಎಡಿ ಪ್ಲಸ್ ಇದ್ದಾಗ. ಎನ್‌ಎಡಿಎಚ್ ಇದ್ದಾಗ ಅಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ನೀವು ಹುಡುಕುತ್ತಿರುವುದು ಯಾವ ಥರದ ಅಣು ಅನ್ನುವುದರ ಮೇಲೆ ಅದು ನಿಂತಿದೆ. ಟ್ರೈಕ್ಲೋಸಾನ್, ಪಿಟಿ70 ಸೇರಿದ ಡೈಫಿನೈಲ್ ಈಥರ್ ಜಾತಿಯದ್ದಾದರೆ 2ಎಕ್ಸ್23ರಿಂದ ಶುರು ಮಾಡಿ. ಏನೂ ಗೊತ್ತಿಲ್ಲದೆ ಹೊಸ ಜಾತಿ ಹುಡುಕುತ್ತಿದ್ದರೆ ಎರಡು ಮೂರು ರಚನೆ ಇಟ್ಟುಕೊಂಡು ಎಲ್ಲದರಲ್ಲೂ ಡಾಕ್ ಮಾಡಿ. ಒಂದೇ ಫೋಟೋ ನೋಡಿ ಮನುಷ್ಯ ಹೇಗೆ ನಡೆಯುತ್ತಾನೆ ಅಂತ ಹೇಳಲು ಹೋಗಬೇಡಿ.

ಪಿಡಿಬಿ ಪುಟದಲ್ಲಿರುವ ವ್ಯಾಲಿಡೇಷನ್ ರಿಪೋರ್ಟ್ ಕೂಡ ತೆರೆಯಿರಿ, ಅದನ್ನು ಓದುವವರು ಕಡಿಮೆ. ರೆಸಲ್ಯೂಷನ್, ಅಂದರೆ ರಚನೆ ಎಷ್ಟು ಸ್ಪಷ್ಟವಾಗಿ ಕಂಡಿದೆ ಅನ್ನುವ ಅಳತೆ, 2 ಆಂಗ್‌ಸ್ಟ್ರಾಮ್ (ನ್ಯಾನೋಮೀಟರಿನ ಹತ್ತನೇ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್) ಹತ್ತಿರ ಇದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ ಏನೆಂದರೆ ಲಿಗ್ಯಾಂಡ್, ಅಂದರೆ ಪಾಕೆಟ್‌ನಲ್ಲಿ ಕೂತ ಅಣು, ನಿಜವಾಗಿ ಪ್ರಯೋಗದಲ್ಲಿ ಕಂಡ ಎಲೆಕ್ಟ್ರಾನ್ ಸಾಂದ್ರತೆಯೊಳಗೆ ಕೂತಿದೆಯಾ, ಇಲ್ಲ ಯಾರೋ ಅಂದಾಜಿನಲ್ಲಿ ಇಟ್ಟಿದ್ದಾರಾ ಅಂತ ನೋಡುವುದು. ಪ್ರೋಟೀನಿನ ಬೆನ್ನೆಲುಬಿನ ಕೋನಗಳು ಸರಿ ಇವೆಯಾ ಅಂತ ತೋರಿಸುವ ರಾಮಚಂದ್ರನ್ ಪ್ಲಾಟ್ ಕೂಡ ಅಲ್ಲೇ ಸಿಗುತ್ತದೆ. ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಅದನ್ನು 1963ರಲ್ಲಿ ಮದ್ರಾಸಿನಲ್ಲಿದ್ದಾಗ ಕೊಟ್ಟದ್ದು, ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅರವತ್ತು ವರ್ಷ ದಾಟಿದರೂ ಪ್ರೋಟೀನ್ ಮಾದರಿಯೊಂದನ್ನು ನಂಬಬೇಕೋ ಬೇಡವೋ ಅಂತ ನೋಡಲು ಇವತ್ತಿಗೂ ಎಲ್ಲರೂ ತೆರೆಯುವುದು ಅದನ್ನೇ.

ಆಲ್ಫಾಫೋಲ್ಡ್ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಆಲ್ಫಾಫೋಲ್ಡ್ ಅಂದರೆ ಅಮೈನೋ ಆಮ್ಲಗಳ ಸಾಲು ನೋಡಿ ಪ್ರೋಟೀನಿನ ರಚನೆ ಊಹಿಸುವ ಎಐ ಪ್ರೋಗ್ರಾಮ್. ಇನ್‌ಎಚ್‌ಎಗೆ ಅದು ಬೇಕಾಗಿಲ್ಲ. ಪ್ರಯೋಗದಿಂದ ಬಂದ ರಚನೆ ಇದ್ದಾಗ ಅದನ್ನೇ ಬಳಸಿ. ನಿಮ್ಮ ಬ್ಯಾಕ್ಟೀರಿಯಾದ ಕಿಣ್ವಕ್ಕೆ ರಚನೆಯೇ ಇಲ್ಲ ಅಂದಾಗ ಆಲ್ಫಾಫೋಲ್ಡ್ ದೊಡ್ಡ ಉಪಕಾರ. ಡೇಟಾಬೇಸ್‌ನಲ್ಲಿ 20 ಕೋಟಿಗೂ ಹೆಚ್ಚು ಮಾದರಿಗಳಿವೆ, ನಿಮ್ಮದೂ ಅಲ್ಲಿ ಇರುವ ಸಾಧ್ಯತೆ ಜಾಸ್ತಿ. ಫೈಲ್ ತೆರೆದ ಕೂಡಲೇ ಪಿಎಲ್‌ಡಿಡಿಟಿ, ಅಂದರೆ ಒಂದೊಂದು ಭಾಗವನ್ನೂ ಎಷ್ಟು ನಂಬಬಹುದು ಅಂತ ಪ್ರೋಗ್ರಾಮ್ ನೂರಕ್ಕೆ ಕೊಡುವ ಅಂಕ, ನೋಡಿ. 90ಕ್ಕಿಂತ ಮೇಲಿದ್ದರೆ ಆ ಭಾಗ ಗಟ್ಟಿ, 70ರಿಂದ 90 ಇದ್ದರೆ ಬೆನ್ನೆಲುಬು ಸರಿ ಇರುತ್ತದೆ, ಆದರೆ ಪಕ್ಕದ ಕೊಂಬೆಗಳ ದಿಕ್ಕು ಕೈ ಕೊಡಬಹುದು, 50ಕ್ಕಿಂತ ಕೆಳಗಿದ್ದರೆ ಆ ಭಾಗವನ್ನು ನಂಬಿ ಏನೂ ಮಾಡಬೇಡಿ. ಇಡೀ ಪ್ರೋಟೀನಿನ ಸರಾಸರಿ ನೋಡಿ ಖುಷಿಪಡುವುದೂ ಬೇಡ, ಪಾಕೆಟ್ ಸುತ್ತ ಇರುವವುಗಳನ್ನೇ ಒಂದೊಂದಾಗಿ ನೋಡಿ.

ಡೇಟಾಬೇಸ್ ಮಾದರಿಯಲ್ಲಿ ಎನ್‌ಎಡಿ ಇರುವುದಿಲ್ಲ. ಲೋಹದ ಅಯಾನ್ ಇರುವುದಿಲ್ಲ. ನೀರೂ ಇರುವುದಿಲ್ಲ. ಅದೇ ಕುಟುಂಬದ ಇನ್ನೊಂದು ಕಿಣ್ವದ ಪ್ರಯೋಗದ ರಚನೆಯ ಮೇಲೆ ನಿಮ್ಮ ಮಾದರಿಯನ್ನು ಹೊಂದಿಸಿ, ಅಲ್ಲಿಂದ ಎನ್‌ಎಡಿಯನ್ನು ಎತ್ತಿಕೊಂಡು ಬನ್ನಿ. ಎಲ್ಲೂ ಡಿಕ್ಕಿ ಹೊಡೆಯುತ್ತಿಲ್ಲ ಅಂತ ನೋಡಿ ಸಣ್ಣದೊಂದು ಮಿನಿಮೈಸೇಷನ್, ಅಂದರೆ ಪರಮಾಣುಗಳನ್ನು ತುಸು ಸರಿಸಿ ಒತ್ತಡ ಇಳಿಸುವ ಲೆಕ್ಕ, ಮಾಡಿ. ಆಲ್ಫಾಫೋಲ್ಡ್ ಸರ್ವರ್‌ನಲ್ಲಿ ಎನ್‌ಎಡಿ ಸೇರಿಸಿಯೇ ಮಾದರಿ ಮಾಡಿಸಬಹುದು, ನಿಜ. ಆದರೆ 2024ರಲ್ಲಿ ಅದನ್ನು ಬಿಟ್ಟಾಗ ಅದರ ಔಟ್‌ಪುಟ್ ಅನ್ನು ವೀನಾದಂಥ ಡಾಕಿಂಗ್ ಪ್ರೋಗ್ರಾಮ್‌ಗೆ ಹಾಕಬಾರದು ಅಂತ ನಿಯಮದಲ್ಲೇ ಬರೆದಿದ್ದರು. ಬಳಸುವ ಮುಂಚೆ ಈಗಿನ ನಿಯಮ ಓದಿ. ಡೇಟಾಬೇಸ್‌ನ ಮಾದರಿಗಳಿಗೆ ಈ ಕಟ್ಟು ಇಲ್ಲ. ಬೋಲ್ಟ್ಸ್ ಥರದ ಮುಕ್ತ ಪರವಾನಗಿಯ ಪ್ರೋಗ್ರಾಮ್‌ಗಳೂ ಈಗ ಬಂದಿವೆ.

ಇನ್ನೊಂದು. ಸೀರಿನ್ 94 ಹೋಗಿ ಅಲನಿನ್ ಆದರೆ ಐಸೋನಿಯಾಜಿಡ್‌ಗೆ ಪ್ರತಿರೋಧ ಬರುತ್ತದೆ ಅಂತ ರೋಗಿಗಳಲ್ಲೇ ಕಂಡಿದೆ. ಆ ಒಂದು ಬದಲಾವಣೆ ಹಾಕಿ ಆಲ್ಫಾಫೋಲ್ಡ್ ಓಡಿಸಿದರೆ ಹೆಚ್ಚುಕಡಿಮೆ ಹಳೆಯ ರಚನೆಯೇ ವಾಪಸ್ ಬರುತ್ತದೆ. ಅದನ್ನು ನೋಡಿ ‘ಬದಲಾವಣೆಯಿಂದ ಪರಿಣಾಮವಿಲ್ಲ’ ಅಂತ ಬರೆಯಬೇಡಿ. ಈ ಕೆಲಸಕ್ಕೆ ಅದನ್ನು ಮಾಡಿಲ್ಲ.

ತಯಾರಿ

ಇದು ಬೇಸರದ ಕೆಲಸ, ಬೇಗ ಹೇಳುತ್ತೇನೆ. ಒಂದು ಸರಪಳಿ ಇಟ್ಟುಕೊಳ್ಳಿ, ಪಾಕೆಟ್ ಒಂದೇ ಸರಪಳಿಯೊಳಗೆ ಇರುವುದರಿಂದ ಡಾಕಿಂಗ್‌ಗೆ ಅಷ್ಟು ಸಾಕು. ಅದರ ಎನ್‌ಎಡಿಯನ್ನು ಜೊತೆಗೇ ಇಟ್ಟುಕೊಳ್ಳಿ. ಒಂದೇ ಅಮೈನೋ ಆಮ್ಲಕ್ಕೆ ಎರಡು ಸ್ಥಾನ ಕೊಟ್ಟಿದ್ದರೆ ಒಂದನ್ನು ಆರಿಸಿ. ಹೈಡ್ರೋಜನ್ ಸೇರಿಸಿ, ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲಗಳಲ್ಲಿ ಅದು ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ಕಣ್ಣಾರೆ ನೋಡಿ. ಪಿಡಿಬಿ ಫೈಲ್‌ನಲ್ಲಿ ಎನ್‌ಎಡಿಯ ಡಬಲ್ ಬಾಂಡ್‌ಗಳ ಮಾಹಿತಿ ಇರುವುದಿಲ್ಲ. ಹಾಗಾಗಿ ಪ್ರೋಗ್ರಾಮ್ ಅದನ್ನು ಹೇಗೆ ಅರ್ಥ ಮಾಡಿಕೊಂಡಿದೆ ಅಂತ ಒಮ್ಮೆ ನೋಡಿ, ಹೈಡ್ರೋಜನ್ ಜಾಸ್ತಿ ಕಡಿಮೆ ಆಗಿದ್ದರೆ ಸರಿಪಡಿಸಿ. ನೀರಿನ ವಿಷಯಕ್ಕೆ ಒಂದು ಸುಲಭ ದಾರಿ ಇದೆ. ನೀವು ಹೊಂದಿಸಿಟ್ಟ ಎಲ್ಲ ರಚನೆಗಳಲ್ಲೂ ಒಂದೇ ಜಾಗದಲ್ಲಿ ಒಂದು ನೀರು ಕಾಣಿಸಿದರೆ ಅದನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ಡಾಕ್ ಮಾಡಿ. ಉಳಿದದ್ದು ಅಳಿಸಿ.

ಒಂದು ವಿಷಯ ನೆನಪಿಡಿ. ವೀನಾದ ಸ್ಕೋರಿಂಗ್ ಅಣುವಿನ ಮೇಲಿನ ವಿದ್ಯುದಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎನ್‌ಎಡಿ ಪ್ಲಸ್‌ಗೂ ಎನ್‌ಎಡಿಎಚ್‌ಗೂ ಇರುವ ವ್ಯತ್ಯಾಸ ಅದಕ್ಕೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಪಿಟಿ70ಗೆ ಅದು ಎಷ್ಟು ದೊಡ್ಡ ವ್ಯತ್ಯಾಸ ಅಂತ ಮೇಲೆ ನೋಡಿದ್ದೀರಿ. ಅದಕ್ಕೇ ಫೈಲ್ ಆರಿಸುವಾಗಲೇ ಬುದ್ಧಿ ಉಪಯೋಗಿಸಿ, ಆಮೇಲೆ ಪ್ರೋಗ್ರಾಮ್ ನಿಮ್ಮನ್ನು ಕಾಪಾಡುವುದಿಲ್ಲ.

ಮೊದಲು ಗೊತ್ತಿರುವ ಉತ್ತರ ತೆಗೆಸಿ

ಹೊಸ ಅಣು ಮುಟ್ಟುವ ಮುಂಚೆ ರೀಡಾಕಿಂಗ್ ಮಾಡಿ. 2ಎಕ್ಸ್23ರಲ್ಲಿರುವ ಪಿಟಿ70ಯನ್ನು ತೆಗೆದು ಮತ್ತೆ ಅಲ್ಲೇ ಕೂರಿಸುವುದು, ಅಷ್ಟೇ. ಆದರೆ ಕ್ರಿಸ್ಟಲ್‌ನಲ್ಲಿದ್ದ ಆಕಾರವನ್ನೇ ವಾಪಸ್ ಕೊಡಬೇಡಿ, ಅದು ಪರೀಕ್ಷೆಗೆ ಉತ್ತರ ಪತ್ರಿಕೆ ಕೊಟ್ಟ ಹಾಗೆ. ಸ್ಮೈಲ್ಸ್, ಅಂದರೆ ಅಣುವಿನ ಅಕ್ಷರ ರೂಪ, ಬರೆದು ಆರ್‌ಡಿಕಿಟ್‌ನಲ್ಲಿ ಹೊಸದಾಗಿ ಮೂರು ಆಯಾಮದ ಆಕಾರ ಮಾಡಿಸಿ. ವೀನಾ ಹುಡುಕಬೇಕಾದ ಜಾಗವನ್ನು ಗುರುತಿಸುವ ಬಾಕ್ಸ್‌ನ ಮಧ್ಯಬಿಂದು ಹಳೆಯ ಲಿಗ್ಯಾಂಡ್‌ನ ಮಧ್ಯದಲ್ಲಿರಲಿ, ಒಂದೊಂದು ಬದಿ 22 ಆಂಗ್‌ಸ್ಟ್ರಾಮ್ ಸುತ್ತಮುತ್ತ ಇದ್ದರೆ ಈ ಪಾಕೆಟ್‌ಗೆ ಸರಿ. ಇಡೀ ಪ್ರೋಟೀನ್ ಸುತ್ತ ಬಾಕ್ಸ್ ಹಾಕುವುದು ಸುಮ್ನೆ ಸಮಯ ಹಾಳು. ಎಷ್ಟು ಕೂಲಂಕಷವಾಗಿ ಹುಡುಕಬೇಕು ಅನ್ನುವ ಎಕ್ಸಾಸ್ಟಿವ್‌ನೆಸ್ ತಾನಾಗಿ 8 ಇರುತ್ತದೆ, 32ಕ್ಕೆ ಏರಿಸಿ.

ಮೊದಲ ಉತ್ತರ ಕ್ರಿಸ್ಟಲ್‌ನ ಜಾಗದಿಂದ 2 ಆಂಗ್‌ಸ್ಟ್ರಾಮ್ ಒಳಗೆ ಬಂದರೆ ಪಾಸ್. ಈ ಅಂತರ ಅಳೆಯುವಲ್ಲೂ ಒಂದು ಮೋಸ ಇದೆ. ಪೈಮಾಲ್‌ನಲ್ಲಿ ಸಾಮಾನ್ಯ ಅಲೈನ್ ಕಮಾಂಡ್ ಕೊಟ್ಟರೆ ಅದು ಎರಡು ಲಿಗ್ಯಾಂಡ್‌ಗಳನ್ನೂ ಎಳೆದು ತಂದು ಒಂದರ ಮೇಲೊಂದು ಇಟ್ಟು ಆಮೇಲೆ ಅಳೆಯುತ್ತದೆ. ಅಣು ಪಾಕೆಟ್‌ನ ಹೊರಗೆ ಬಿದ್ದಿದ್ದರೂ ಅಂತರ ಚಿಕ್ಕದಾಗೇ ಬರುತ್ತದೆ. ಇದ್ದ ಜಾಗದಲ್ಲೇ ಅಳೆಯುವ ವಿಧಾನ ಬಳಸಿ, ಬೆಂಜೀನ್ ಉಂಗುರ ತಿರುಗಿದರೆ ಅದನ್ನು ತಪ್ಪು ಅಂತ ಎಣಿಸದ ಟೂಲ್ ಆಗಿರಲಿ.

ಪಾಸಾದರೆ ಎನ್‌ಎಡಿ ತೆಗೆದು ಇದನ್ನೇ ಇನ್ನೊಮ್ಮೆ ಓಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೇಲೆ ಇಷ್ಟೊತ್ತು ನಾನು ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಆಮೇಲೆ ಪಿಟಿ70ಯನ್ನು ಟ್ರೈಕ್ಲೋಸಾನ್‌ನ ರಚನೆಯಲ್ಲಿ ಕೂರಿಸಿ. ಇದು ಕಷ್ಟದ ಪರೀಕ್ಷೆ, ಮತ್ತು ನಿಜವಾದ ಪರೀಕ್ಷೆಯೂ ಇದೇ, ಯಾಕೆಂದರೆ ನಿಮ್ಮ ಹೊಸ ಅಣುವಿಗೆ ಯಾವತ್ತೂ ಅದರದ್ದೇ ರಚನೆ ಇರುವುದಿಲ್ಲ.

ಮುಂದಿನದು ಡೆಕಾಯ್. ಕಿಣ್ವವನ್ನು ತಡೆಯುತ್ತವೆ ಅಂತ ಗೊತ್ತಿರುವ ಅಣುಗಳ ಜೊತೆ, ತೂಕ ಮತ್ತು ಗುಣದಲ್ಲಿ ಅವನ್ನೇ ಹೋಲುವ ಆದರೆ ಕೆಲಸಕ್ಕೆ ಬಾರದವು ಅಂತ ಅಂದುಕೊಂಡ ಅಣುಗಳನ್ನು ಬೆರೆಸಿ ಡಾಕ್ ಮಾಡುವುದು. ಡಿಯುಡಿ-ಇ ಸಂಗ್ರಹದಲ್ಲಿ ಇನ್‌ಎಚ್‌ಎಗೆ ತಯಾರಾದ ಸೆಟ್ ಇದೆ. ನಿಜವಾದವು ಪಟ್ಟಿಯ ಮೇಲ್ಗಡೆ ಬರುತ್ತಿವೆಯಾ ನೋಡಿ. ಬರದಿದ್ದರೆ ನಿಮ್ಮ ಸೆಟಪ್ ಆ ಜಾತಿಯ ಅಣುಗಳನ್ನು ಗುರುತಿಸುತ್ತಿಲ್ಲ. ಮುಂದೆ ಹತ್ತು ಸಾವಿರ ಅಣು ಓಡಿಸಿದರೂ ಸಿಗುವುದು ಲಾಟರಿ ಫಲಿತಾಂಶ.

ಐಸೋನಿಯಾಜಿಡ್ ಅನ್ನು ಕಂಟ್ರೋಲ್ (ಹೋಲಿಕೆಯ ಅಣು) ಆಗಿ ಇಡಬೇಡಿ

ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಐಸೋನಿಯಾಜಿಡ್ ಇನ್‌ಎಚ್‌ಎಯನ್ನು ಹಾಗೇ ಹೋಗಿ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾದೊಳಗೆ ಕ್ಯಾಟ್‌ಜಿ ಅನ್ನುವ ಇನ್ನೊಂದು ಕಿಣ್ವ ಅದನ್ನು ಒಡೆಯುತ್ತದೆ, ಆ ತುಂಡು ಎನ್‌ಎಡಿಗೆ ಅಂಟಿಕೊಳ್ಳುತ್ತದೆ, ಆ ಜೋಡಿ ಅಣು ಬಂದು ಎನ್‌ಎಡಿಎಚ್‌ನ ಜಾಗದಲ್ಲೇ ಕೂರುತ್ತದೆ. 1ಝಡ್‌ಐಡಿಯಲ್ಲಿ ಕಾಣುವುದು ಈ ಜೋಡಿಯೇ. ಬರೀ ಐಸೋನಿಯಾಜಿಡ್ ಅಂದರೆ 137 ಡಾಲ್ಟನ್ ತೂಕದ ಪುಟ್ಟ ಅಣು. ವೀನಾ ಸ್ಕೋರ್ ಅಣು ದೊಡ್ಡದಾದಷ್ಟೂ ಚೆನ್ನಾಗಿ ಬರುವ ಸ್ವಭಾವದ್ದು, ಹಾಗಾಗಿ ಇಷ್ಟು ಚಿಕ್ಕದಕ್ಕೆ ಕಳಪೆ ಅಂಕ ಬರುವುದು ಸಹಜ. ಅದರ ಪಕ್ಕ ಮೂರು ಪಟ್ಟು ತೂಕದ ಸಸ್ಯದ ಅಣು ಇಟ್ಟು ‘ಈಗಿರುವ ಔಷಧಿಗಿಂತ ನಮ್ಮದು ವಾಸಿ’ ಅನ್ನುವುದು ಸುಲಭ ಅಲ್ವಾ? ಕಂಟ್ರೋಲ್ ಬೇಕಿದ್ದರೆ ಟ್ರೈಕ್ಲೋಸಾನ್ ಅಥವಾ ಪಿಟಿ70 ಇಡಿ. ಸ್ಕೋರ್ ಅನ್ನು ಹೈಡ್ರೋಜನ್ ಅಲ್ಲದ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿ ಅದನ್ನೂ ಪಕ್ಕದಲ್ಲಿ ಬರೆಯಿರಿ.

ಇದೇ ಕಾರಣಕ್ಕೆ ಐಸೋನಿಯಾಜಿಡ್ ಪ್ರತಿರೋಧದಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಬದಲಾವಣೆ ಇನ್‌ಎಚ್‌ಎಯಲ್ಲಿ ಇಲ್ಲ, ಕ್ಯಾಟ್‌ಜಿಯ 315ನೇ ಸ್ಥಾನದಲ್ಲಿದೆ. ಕ್ಯಾಟ್‌ಜಿಯ ಹಂಗಿಲ್ಲದೆ ನೇರವಾಗಿ ಇನ್‌ಎಚ್‌ಎಯನ್ನು ಹಿಡಿಯುವ ಅಣು ಬೇಕು ಅಂತ ಎಲ್ಲರೂ ಹುಡುಕುತ್ತಿರುವುದು ಅದಕ್ಕೇ.

ಅಂಕಗಳನ್ನು ಎಷ್ಟು ನಂಬಬೇಕು

ವೀನಾ ಮಾಡಿದವರೇ 2010ರ ತಮ್ಮ ಲೇಖನದಲ್ಲಿ ಕೊಟ್ಟಿರುವ ಪ್ರಮಾಣಿತ ದೋಷ ಸುಮಾರು 2.85 ಕಿಲೋಕ್ಯಾಲರಿ (ಸ್ಕೋರ್‌ನ ಅಳತೆಯೇ ಇದು, ಪ್ರತಿ ಮೋಲ್‌ಗೆ). ಕೋಣೆಯ ತಾಪಮಾನದಲ್ಲಿ 1.4 ಕಿಲೋಕ್ಯಾಲರಿ ಅಂದರೆ ಹಿಡಿತದಲ್ಲಿ ಹತ್ತು ಪಟ್ಟು ವ್ಯತ್ಯಾಸ. ಅಂದಮೇಲೆ ಮೈನಸ್ 9.1ಕ್ಕೂ ಮೈನಸ್ 8.7ಕ್ಕೂ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಡಾಕಿಂಗ್ ಅನ್ನು ಜರಡಿ ಹಿಡಿಯಲು ಮಾತ್ರ ಬಳಸಿ. ಮೇಲಿನ ನೂರೋ ಇನ್ನೂರೋ ಅಣುಗಳನ್ನು ತೆಗೆದು ಒಂದೊಂದನ್ನೂ ಕಣ್ಣಿಂದ ನೋಡಿ. ಟೈರೋಸಿನ್ 158 ಮತ್ತು ಎನ್‌ಎಡಿ ಸಕ್ಕರೆಯ ಜೊತೆಗಿನ ಹಿಡಿತ ಇದೆಯಾ? ಎಣ್ಣೆಯಂಥ ಭಾಗ ಎಣ್ಣೆಯಂಥ ಜಾಗದಲ್ಲೇ ಇದೆಯಾ? ಉಂಗುರ ವಿಚಿತ್ರವಾಗಿ ಸೊಟ್ಟಗಾಗಿದೆಯಾ? ಕಣ್ಣಿಗೆ ಸರಿ ಕಾಣದ್ದನ್ನು ಅಂಕ ಎಷ್ಟೇ ಇರಲಿ ಬಿಟ್ಟುಬಿಡಿ.

ಜೊತೆಗೆ ಪೇನ್ಸ್ ಫಿಲ್ಟರ್ ಹಾಕಿ. ಇದು ಎಲ್ಲ ಪರೀಕ್ಷೆಗಳಲ್ಲೂ ಸುಳ್ಳು ಪಾಸಿಟಿವ್ ಕೊಡುವ ಅಣುಗಳ ಪಟ್ಟಿ. ಅರಿಶಿನದ ಕರ್ಕ್ಯುಮಿನ್ ಇದರಲ್ಲಿ ಕುಖ್ಯಾತ. ಅಡುಗೆಗೆ ಚೆನ್ನಾಗಿದೆ, ಆದರೆ ಪ್ರೋಟೀನ್ ಕೆಲಸದಲ್ಲಿ ಅದು ಎಲ್ಲದಕ್ಕೂ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಬೇಗ ಒಡೆದು ಹೋಗುತ್ತದೆ, ತನ್ನದೇ ಬಣ್ಣದಿಂದ ರೀಡಿಂಗ್ ಕೂಡ ಕೆಡಿಸುತ್ತದೆ.

ಉಳಿದ ಐದಾರು ಅಣುಗಳಿಗೆ ಗ್ರೋಮ್ಯಾಕ್ಸ್‌ನಲ್ಲಿ ಸಿಮ್ಯುಲೇಷನ್ ಮಾಡಿ. ಇಲ್ಲಿ ನಾಲ್ಕೂ ಸರಪಳಿ ಇಟ್ಟುಕೊಳ್ಳುವುದು ಒಳ್ಳೆಯದು, ಭಾರ ಆದರೂ ಪರವಾಗಿಲ್ಲ. ಫೈಲ್‌ನಲ್ಲಿ ಒಂದೇ ಸರಪಳಿ ಇದ್ದರೆ ಪಿಡಿಬಿಯಿಂದ ಬಯಲಾಜಿಕಲ್ ಅಸೆಂಬ್ಲಿ, ಅಂದರೆ ನಾಲ್ಕೂ ಸೇರಿದ ರೂಪ, ಇಳಿಸಿಕೊಳ್ಳಿ. ಎನ್‌ಎಡಿಯ ಪ್ಯಾರಾಮೀಟರ್‌ಗಳನ್ನು ನೀವೇ ಹೊಸದಾಗಿ ಮಾಡಲು ಹೋಗಬೇಡಿ, ಪರಮಾಣುಗಳ ನಡುವಿನ ಬಲ ಲೆಕ್ಕ ಹಾಕುವ ಆಂಬರ್ ಮತ್ತು ಚಾರ್ಮ್ ಅನ್ನುವ ಎರಡು ಸೂತ್ರಗಳ ಸೆಟ್‌ಗೂ ಯಾರೋ ಕಷ್ಟಪಟ್ಟು ಮಾಡಿಟ್ಟಿದ್ದಾರೆ. ಒಂದೇ ಉದ್ದನೆಯ ಓಟಕ್ಕಿಂತ ಬೇರೆ ಬೇರೆ ಆರಂಭಿಕ ವೇಗ ಕೊಟ್ಟು ಮೂರು ಓಟ ಮಾಡಿ. ಮೂರರಲ್ಲೂ ಅಣು ಅಲ್ಲೇ ಉಳಿದರೆ ಮಾತ್ರ ಏನಾದರೂ ಹೇಳಬಹುದು. 100 ನ್ಯಾನೋಸೆಕೆಂಡ್ ನಿಂತಿತು ಅಂದ ಮಾತ್ರಕ್ಕೆ ಗಟ್ಟಿಯಾಗಿ ಹಿಡಿದಿದೆ ಅಂತಲ್ಲ, ಪಿಟಿ70 ಕೂತಿರುವುದು ನಿಮಿಷಗಟ್ಟಲೆ. ಆದರೆ 10 ನ್ಯಾನೋಸೆಕೆಂಡ್‌ನಲ್ಲೇ ಎದ್ದು ಹೋದದ್ದನ್ನು ಪಟ್ಟಿಯಿಂದ ತೆಗೆಯಬಹುದು. ಸಿಮ್ಯುಲೇಷನ್ ಬೇಕಾಗಿರುವುದೇ ಅದಕ್ಕೆ.

ಕಿಣ್ವ ಹಿಡಿದರೆ ಮುಗಿಯಲಿಲ್ಲ

2001ರಲ್ಲಿ ಬೆಂಗಳೂರಿನ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ ಇದೇ ಟ್ರೈಕ್ಲೋಸಾನ್ ಮಲೇರಿಯಾ ಪರೋಪಜೀವಿಯ ಇದೇ ಕುಟುಂಬದ ಕಿಣ್ವವನ್ನು ತಡೆಯುತ್ತದೆ ಅಂತ ತೋರಿಸಿದಾಗ ಜಗತ್ತೇ ತಿರುಗಿ ನೋಡಿತ್ತು. ಆಮೇಲೆ 2008ರಲ್ಲಿ ಆ ಜೀನನ್ನೇ ತೆಗೆದುಹಾಕಿ ನೋಡಿದಾಗ ಪರೋಪಜೀವಿ ರಕ್ತದ ಹಂತದಲ್ಲಿ ಅದಿಲ್ಲದೆಯೂ ಬೆಳೆಯಿತು, ಅದು ಬೇಕಾಗಿದ್ದು ಯಕೃತ್ತಿನ ಹಂತದಲ್ಲಿ. ಹಾಗಾಗಿ ನಿಮ್ಮ ಕಿಣ್ವ ಇಲ್ಲದೆ ಬ್ಯಾಕ್ಟೀರಿಯಾ ಬದುಕುತ್ತದಾ ಅನ್ನುವುದನ್ನು ಮೊದಲೇ ಓದಿ ತಿಳಿದುಕೊಳ್ಳಿ. ಇನ್‌ಎಚ್‌ಎ ಮಟ್ಟಿಗೆ ಐಸೋನಿಯಾಜಿಡ್ ಎಪ್ಪತ್ತು ವರ್ಷಗಳಿಂದ ಅದಕ್ಕೆ ಸಾಕ್ಷಿ ಹೇಳುತ್ತಿದೆ. ಅಣು ಆ ಮೇಣದ ಗೋಡೆ ದಾಟಿ ಒಳಗೆ ಹೋಗುತ್ತದಾ ಅನ್ನುವುದಕ್ಕೆ ಮಾತ್ರ ಡಾಕಿಂಗ್‌ನಲ್ಲಿ ಉತ್ತರ ಇಲ್ಲ.

ಕೊನೆಗೆ ಲ್ಯಾಬ್‌ನವರಿಗೆ ಏನು ಕೊಡಬೇಕು? ಐದಾರು ಅಣು, ಕೊಳ್ಳಲು ಸಿಗುವಂಥವು, ಒಂದೇ ಜಾತಿಯವೇ ಎಲ್ಲ ಆಗಿರಬಾರದು. ಜೊತೆಗೆ ಪ್ರತಿಯೊಂದರ ಚಿತ್ರ, ಮತ್ತು ಯಾವ ಫೈಲ್, ಯಾವ ಎನ್‌ಎಡಿ ಸ್ಥಿತಿಯಲ್ಲಿ ಮಾಡಿದ್ದು ಅನ್ನುವ ಟಿಪ್ಪಣಿ. ಈ ಕಿಣ್ವದ ಪರೀಕ್ಷೆ ಸುಲಭದ್ದು. ಎನ್‌ಎಡಿಎಚ್ ಖರ್ಚಾಗುತ್ತಾ ಹೋದಂತೆ 340 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುವುದು ಕಡಿಮೆಯಾಗುತ್ತದೆ, ಅದನ್ನು ಅಳೆಯುತ್ತಾರೆ. ನಿಮ್ಮ ಅಣುವೇ ಆ ತರಂಗದಲ್ಲಿ ಬೆಳಕು ಹೀರುವಂಥದ್ದಾದರೆ ಮೊದಲೇ ಹೇಳಿ. ನಿಧಾನವಾಗಿ ಹಿಡಿಯುವ ಜಾತಿ ಅಂತ ಅನುಮಾನ ಇದ್ದರೆ ಕಿಣ್ವದ ಜೊತೆ ಸ್ವಲ್ಪ ಹೊತ್ತು ಮೊದಲೇ ಬೆರೆಸಿಡಲು ಹೇಳಿ, ಆ ಬೆರಕೆಯಲ್ಲಿ ಎನ್‌ಎಡಿ ಪ್ಲಸ್ ಇರಲಿ. ಚೂರು ಡಿಟರ್ಜೆಂಟ್ ಹಾಕಿ ಇನ್ನೊಮ್ಮೆ ಓಡಿಸಲೂ ಕೇಳಿಕೊಳ್ಳಿ. ಡಿಟರ್ಜೆಂಟ್ ಹಾಕಿದ ಕೂಡಲೇ ತಡೆ ಮಾಯವಾದರೆ ನಿಮ್ಮ ಅಣು ಪಾಕೆಟ್‌ಗೆ ಹೋಗಿರಲಿಲ್ಲ, ನೀರಿನಲ್ಲಿ ಉಂಡೆಕಟ್ಟಿ ಕಿಣ್ವವನ್ನು ಮೆತ್ತಿಕೊಂಡಿತ್ತು ಅಷ್ಟೇ, ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗಿ.